ರಸಭರಿತ ಗಿಡಗಳ ಕುಂಡಗಳು: ಬೆಲೆಯ ನಿಷ್ಕರ್ಷೆಯೂ ಮಾರಾಟದ ಕ್ರಮವೂ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಕಳ್ಳಿಯೆಂದರೆ ಬೇಲಿಗೆ ತಕ್ಕ ಗಿಡವೆಂದೇ ಎಣಿಕೆ. ಆದುದರಿಂದ ಅದರಂತೆಯೇ ಎಲೆಯಲ್ಲಾಗಲಿ ಕಾಂಡದಲ್ಲಾಗಲಿ ನೀರನ್ನು ಕೂಡಿಟ್ಟುಕೊಳ್ಳುವ ಚಿಕ್ಕ ಗಿಡಗಳನ್ನು ಹಣ ಕೊಟ್ಟು ಕೊಳ್ಳುವವರೂ ಇರುವರೆಂದರೆ ರೈತರಿಗೆ ಸೋಜಿಗವಾಗುವುದು ಸಹಜ. ಪಾಪಾಸುಕಳ್ಳಿಯಂತೂ ಒಂದು ಕಾಲದಲ್ಲಿ ದಕ್ಷಿಣ ಭಾರತದ ಹೊಲಗಳನ್ನೇ ನುಂಗುತ್ತಿದ್ದು, 1926ರಲ್ಲಿ ಸಿಂಹಳದಿಂದ ತಂದು ಬಿಟ್ಟ ಕೊಚಿನೀಲ್ ಜಾತಿಯ ಕೀಟದಿಂದ ಹತೋಟಿಗೆ ಬಂದಿತು. ಅಂತಹ ಬಳಗಕ್ಕೆ ಈಗ ಅಂಗೈಯಗಲದ ಕುಂಡದಲ್ಲಿ ಮರ್ಯಾದೆ ದೊರೆತಿದೆ. ವಾಡಿ, ಶಹಾಬಾದ್‌ಗಳಂತಹ ಕಾರ್ಖಾನೆಯ ಊರುಗಳಲ್ಲಿ ಅಂಗಳವಿಲ್ಲದ ಮನೆಗಳವರಿಗೆ, ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಾಯಬೇಕಾದವರಿಗೆ, ವಾರಕ್ಕೊಮ್ಮೆ ನೀರುಂಡು ಬದುಕುವ ಗಿಡವು ಒಪ್ಪುವಂತಹುದೇ ಆಗಿದೆ. ಹೀಗಿದ್ದರೂ ಈ ಗಿಡಗಳನ್ನು ಬೆಳೆದು ಮಾರುವ ಮನೆವಂದಿಗರೂ ಮಹಿಳಾ ಸಂಘದವರೂ ಸಂತೆ ಮುಗಿಸಿ ಲೆಕ್ಕ ನೋಡಿದಾಗ ಕೈಯಲ್ಲಿ ಏನೂ ಉಳಿಯದಿರುವುದುಂಟು. ಇದಕ್ಕೆ ಕಾರಣವು ಬಹುಪಾಲು ಗಿರಾಕಿಯಲ್ಲಿರದೆ ಬೆಲೆಯನ್ನು ಗೊತ್ತುಮಾಡುವ ರೀತಿಯಲ್ಲಿಯೇ ಇರುತ್ತದೆ.

ಒಂದು ಲೆಕ್ಕವನ್ನು ಉದಾಹರಣೆಗೆಂದು ತೆಗೆದುಕೊಳ್ಳಬಹುದು. ಲೋಳೆಸರದ ಮರಿಗಳನ್ನು ತಾಯಿಗಿಡದಿಂದ ಬಿಡಿಸಿ 100 ಕುಂಡಗಳಲ್ಲಿ ನೆಟ್ಟರೆಂದು ಭಾವಿಸಿದರೆ, ಕುಂಡಗಳಿಗೆ 1200 ರೂಪಾಯಿ, ಮಣ್ಣು ಮರಳು ಗೊಬ್ಬರಕ್ಕೆ 300, ಮರಿಗಳ ಕ್ರಯ 500, ಹೆಸರಿನ ಚೀಟಿ ಮತ್ತು ಸಾಗಾಣಿಕೆಗೆ 300, ಸಂತೆಯ ಜಾಗಕ್ಕೆ 200, ಹೀಗೆ 2500 ರೂಪಾಯಿ ಕಣ್ಣಿಗೆ ಕಾಣುವ ಖರ್ಚು. ಇದನ್ನು ನೂರರಿಂದ ಭಾಗಿಸಿ ಒಂದಕ್ಕೆ 25 ರೂಪಾಯಿ ಬಿದ್ದಿತೆಂದು ತಿಳಿದು, 50 ರೂಪಾಯಿಗೆ ಮಾರಿದರೆ ಇಮ್ಮಡಿ ಲಾಭವೆಂದು ಸಂತೋಷಪಡುವುದು ಸಾಮಾನ್ಯವಾದ ತಪ್ಪು. ಮೊದಲನೆಯದಾಗಿ, ನಾಲ್ಕೈದು ತಿಂಗಳು ಗಿಡಗಳನ್ನು ನೋಡಿಕೊಂಡವರ ಕೂಲಿಯು ಇದರಲ್ಲಿ ಸೇರಿಲ್ಲ. ನೆಡುವುದು, ನೀರು ಹಾಕುವುದು, ಮಾರಾಟದ ದಿನ ಕುಳಿತಿರುವುದು ಎಲ್ಲವೂ ಸೇರಿ 40 ಗಂಟೆಯಾಗಿ, ಗಂಟೆಗೆ 50 ರೂಪಾಯಿಯಂತೆ ಹಿಡಿದರೆ 2000 ರೂಪಾಯಿಯಾಗುವುದು. ಒಟ್ಟು ಖರ್ಚು 4500. ಎರಡನೆಯದಾಗಿ, ನೂರೂ ಗಿಡಗಳು ಮಾರಾಟವಾಗುವುದಿಲ್ಲ. ಹದಿನೈದು ಕೊಳೆತು ಹೋಗಿ, ಹತ್ತು ಗಿಡ ಕೊಳ್ಳುವವರಿಲ್ಲದೆ ಮನೆಗೆ ಮರಳಿದರೆ ಉಳಿದ 75 ಗಿಡಗಳೇ ಆ ಖರ್ಚನ್ನೆಲ್ಲ ಹೊರಬೇಕು. ಆಗ ಒಂದು ಕುಂಡದ ಅಸಲು 60 ರೂಪಾಯಿ. ಅದನ್ನು 50ಕ್ಕೆ ಮಾರಿದವರು 750 ರೂಪಾಯಿಯಷ್ಟು ತಮ್ಮ ಕೂಲಿಯನ್ನೇ ತಿಂದಂತಾಯಿತು. 70ಕ್ಕೆ ಮಾರಿದರೆ ಅಷ್ಟೇ ಮೊತ್ತವು ಲಾಭವಾಗಿ ಉಳಿಯುವುದು. ಇಪ್ಪತ್ತು ರೂಪಾಯಿಯ ಅಂತರದಲ್ಲಿ ಉದ್ಯೋಗವು ನಿಲ್ಲುವುದೂ ಮುಳುಗುವುದೂ ಇದೆ. ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಬೆಲೆ ಕಟ್ಟದೆ ಲೆಕ್ಕ ಬರೆಯುವುದು ಲೆಕ್ಕವೇ ಅಲ್ಲ.

ಸಂತೆಯೆಂದ ಮೇಲೆ ಚೌಕಾಶಿ ತಪ್ಪಿದ್ದಲ್ಲ. ಅದಕ್ಕೆ ಹೆದರಿ ಮೊದಲೇ ಬೆಲೆಯನ್ನು ಎರಡರಷ್ಟು ಹೇಳುವುದಕ್ಕಿಂತ, ಬೆಲೆಯನ್ನು ಚೀಟಿಯ ಮೇಲೆ ಬರೆದು, ಒಂದಕ್ಕೆ 70 ಎರಡಕ್ಕೆ 130 ಎಂಬಂತೆ ಇಡುವುದು ಲೇಸು. ಬಿಟ್ಟುಕೊಡುವ ಹತ್ತು ರೂಪಾಯಿಗೆ ಬದಲಾಗಿ ಇನ್ನೊಂದು ಗಿಡ ಹೋಗುವುದು. ಸಂಜೆಯ ಹೊತ್ತಿಗೆ ಬೆಲೆಯನ್ನು ಅರ್ಧಕ್ಕಿಳಿಸುವ ರೂಢಿಯು ಕೊತ್ತಂಬರಿ ಸೊಪ್ಪಿಗೆ ಸರಿ, ಏಕೆಂದರೆ ಅದು ಮರುದಿನ ಬಾಡುವುದು. ಈ ಗಿಡವು ಮುಂದಿನ ವಾರಕ್ಕೆ ಇನ್ನಷ್ಟು ಬೆಳೆದಿರುತ್ತದೆ. ಬೆಳಿಗ್ಗೆ ಪೂರ್ತಿ ಬೆಲೆ ಕೊಟ್ಟವರ ಮನಸ್ಸನ್ನೇಕೆ ಕೆಡಿಸಬೇಕು?

ಹದಿನೈದು ಗಿಡ ಕೊಳೆಯುವುದನ್ನು ಐದಕ್ಕಿಳಿಸಿದರೆ ಅದೂ ಸಂಪಾದನೆಯೇ. ಈ ಸೀಮೆಯ ಎರೆಮಣ್ಣು ತೊಗರಿಗೆ ತಾಯಿಯಿದ್ದಂತೆ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಕುಂಡದೊಳಗೆ ಅದೇ ಮಣ್ಣು ಶತ್ರು. ನೀರುಂಡಾಗ ಉಬ್ಬಿ ಜಿಗುಟಾಗಿ, ಒಣಗಿದಾಗ ಬಿರಿದು, ಬೇರನ್ನು ಮೊದಲು ಕೊಳೆಯಿಸಿ ಆಮೇಲೆ ಹರಿಯುವುದು. ದಪ್ಪ ಮರಳು, ಇಟ್ಟಿಗೆಯ ಚೂರು, ಸ್ವಲ್ಪ ಕಳಿತ ಗೊಬ್ಬರ ಇವುಗಳನ್ನು ಕೂಡಿಸಿದ ಹಗುರವಾದ ಮಿಶ್ರಣವೇ ತಕ್ಕದ್ದು. ಶಹಾಬಾದ್ ಕಲ್ಲನ್ನು ಕೊಯ್ಯುವಾಗ ಬೀಳುವ ನುಣ್ಣನೆಯ ಪುಡಿಯು ಪುಕ್ಕಟೆ ಸಿಕ್ಕುವುದೆಂದು ಬೆರೆಸಬಾರದು. ಅದು ಸುಣ್ಣದ ಅಂಶವುಳ್ಳದ್ದಾಗಿ ನೀರು ತಾಗಿದೊಡನೆ ಗಟ್ಟಿಯಾಗಿ ಕೂಡಿಕೊಳ್ಳುವುದು. ಬಿಡಿಸಿದ ಮರಿಯನ್ನು ಕೆಲವು ದಿನ ನೆರಳಿನಲ್ಲಿಟ್ಟು, ಗಾಯವು ಒಣಗಿದ ಮೇಲೆಯೇ ನೆಡತಕ್ಕದ್ದು. ಬೇರು ಹಿಡಿಯದ ಮರಿಯನ್ನು ಮಾರುವುದು ಮೋಸವೇ ಸರಿ.

ಯಾವ ಗಿಡಗಳನ್ನು ಇಡಬೇಕೆಂಬುದರಲ್ಲಿಯೂ ವಿವೇಕ ಬೇಕು. ಮೆಕ್ಸಿಕೋದಿಂದ ಬಂದ ಎಚವೇರಿಯವು ಗುಲಾಬಿಯಂತೆ ಸುಂದರವಾದರೂ 40 ಡಿಗ್ರಿಯನ್ನು ಮೀರುವ ಇಲ್ಲಿಯ ಬೇಸಿಗೆಯನ್ನು ತಾಳುವುದು ಕಷ್ಟ. ಲೋಳೆಸರ, ಅಡೀನಿಯಂ, ಯೂಫೋರ್ಬಿಯಗಳು ಕೊಂಡವರ ಮನೆಯಲ್ಲಿ ಮುಂದಿನ ವೈಶಾಖವನ್ನೂ ಕಾಣುತ್ತವೆ. ಹಸಿರು ಕಾಂಡದ ಮೇಲೆ ಕೆಂಪು ಚೆಂಡನ್ನು ಕಸಿಮಾಡಿದ ಕಳ್ಳಿಯು ಮಕ್ಕಳ ಕಣ್ಣನ್ನು ಸೆಳೆಯುವುದು ನಿಜ. ಆದರೆ ಆ ಚೆಂಡಿನಲ್ಲಿ ಪತ್ರಹರಿತ್ತಿಲ್ಲದುದರಿಂದ ಅದು ಕೆಳಗಿನ ಕಾಂಡದ ಅನ್ನದಿಂದಲೇ ಬದುಕುವುದು, ಬಹುಕಾಲ ಬಾಳುವುದಿಲ್ಲ. ಇದನ್ನು ಮಾರುವಾಗಲೇ ಹೇಳಿಬಿಡುವುದು ಒಳ್ಳೆಯದು. ಕಳ್ಳಿಯ ತಲೆಗೆ ಒಣಹೂವನ್ನು ಅಂಟಿಸುವ ವಿದ್ಯೆಯು ಇತ್ತ ಬರದಿದ್ದರೆ ಸಾಕು. ಚಿಂಚೋಳಿಯ ಅರಣ್ಯದಿಂದ ಗಿಡಗಳನ್ನು ಕಿತ್ತು ತರುವ ಯೋಚನೆಯನ್ನೂ ಮಾಡತಕ್ಕದ್ದಲ್ಲ. ಅದು 2011ರಿಂದ ವನ್ಯಜೀವಿಧಾಮವಾಗಿದ್ದು, ಅಪ್ಪಣೆಯಿಲ್ಲದೆ ಅಲ್ಲಿಯ ಗಿಡವನ್ನು ತೆಗೆಯುವುದು ಕಾನೂನಿಗೆ ವಿರುದ್ಧ.

ಇನ್ನು ಅಂದವಾಗಿ ಜೋಡಿಸುವ ವಿಷಯ. ಶಹಾಬಾದ್ ಕಲ್ಲಿನ ಒಡೆದ ಹಾಸುಗಳನ್ನು ಇಟ್ಟಿಗೆಗಳ ಮೇಲೆ ಮೆಟ್ಟಲಿನಂತೆ ಇಟ್ಟು ಕುಂಡಗಳನ್ನು ಸಾಲಾಗಿರಿಸಿದರೆ, ಬೂದುಬಣ್ಣದ ಕಲ್ಲಿನ ಮೇಲೆ ಹಸಿರು ಎದ್ದು ಕಾಣುವುದು. ಮೇಜಿಗೆ ಬಾಡಿಗೆಯೂ ಬೇಕಿಲ್ಲ. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಮಾತ್ರ ಆ ಕಲ್ಲು ಕಾದು ಬೇರುಗಳನ್ನು ಬೇಯಿಸುವುದರಿಂದ, ಮೇಲೆ ನೆರಳಿರಬೇಕು. ಬಾವಿಯ ಗಡಸು ನೀರು ಎಲೆಗಳ ಮೇಲೆ ಬಿಳಿಯ ಕಲೆಯನ್ನುಳಿಸುತ್ತದೆ. ಲೋಳೆಸರದಂತಹ ಗಟ್ಟಿಯೆಲೆಗಳನ್ನು ಕೆಲವು ಹನಿ ನಿಂಬೆರಸ ಬೆರೆಸಿದ ನೀರಿನ ಬಟ್ಟೆಯಿಂದ ಒರಸಿ, ಬಳಿಕ ಬರಿಯ ನೀರಿನಿಂದ ಒರಸಿದರೆ ಅದು ಹೋಗುವುದು. ಎಲೆಯ ಮೇಲೆ ಸಹಜವಾದ ಬೂದಿಯಂತಹ ಲೇಪವಿರುವ ಗಿಡಗಳನ್ನು ಮುಟ್ಟದೆ, ಧೂಳನ್ನು ಮೆತ್ತನೆಯ ಕುಂಚದಿಂದ ಕೊಡವಿದರೆ ಸಾಕು; ಆ ಲೇಪವು ಒಮ್ಮೆ ಹೋದರೆ ಅದೇ ಎಲೆಯ ಮೇಲೆ ಮತ್ತೆ ಮೊದಲಿನಂತಾಗುವುದಿಲ್ಲ.

ಚೀಟಿಯಲ್ಲಿ ಗಿಡದ ಹೆಸರು, ಬೆಲೆ, ಬಿಸಿಲು ಎಷ್ಟು, ನೀರು ಎಂದು ಎಂಬಿಷ್ಟನ್ನು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆಯಬೇಕು. ಯೂಫೋರ್ಬಿಯ, ಅಡೀನಿಯಂಗಳ ಹಾಲು ಕಣ್ಣಿಗೂ ಬಾಯಿಗೂ ತಾಗಬಾರದೆಂಬ ಎಚ್ಚರಿಕೆಯೂ ಅದರಲ್ಲಿರತಕ್ಕದ್ದು, ಏಕೆಂದರೆ ಕೊಳ್ಳುವ ಮನೆಯಲ್ಲಿ ಕೂಸುಗಳಿರುತ್ತವೆ. ದಸರೆಯಿಂದ ಶಿವರಾತ್ರಿಯವರೆಗಿನ ತಿಂಗಳುಗಳೇ ಮಾರಾಟಕ್ಕೆ ಯೋಗ್ಯವಾದ ಕಾಲ.

ಮಾರಾಟವಾಗದೆ ಮರಳಿದ ಹತ್ತು ಕುಂಡಗಳನ್ನು ಉಳಿದ ಗಿಡಗಳೊಡನೆ ಕೂಡಲೇ ಬೆರೆಸದೆ, ಎರಡು ವಾರ ಬೇರೆಯಾಗಿರಿಸಿ, ಎಲೆಯ ಸಂದುಗಳಲ್ಲಿ ಹತ್ತಿಯಂತಹ ಹಿಟ್ಟುತಿಗಣೆ ಸೇರಿದೆಯೇ ಎಂದು ಪರೀಕ್ಷಿಸಬೇಕು. ನಿರೋಗಿಯಾದವುಗಳನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿದರೆ ಅವೇ ತಾಯಿಗಿಡಗಳಾಗಿ, ಮುಂದಿನ ವರ್ಷದ ಲೆಕ್ಕದಲ್ಲಿ ಮರಿಗಳ ಕ್ರಯವೆಂಬ 500 ರೂಪಾಯಿಯ ಬಾಬಿನಲ್ಲಿ ಬಹುಭಾಗವು ಇಳಿದುಹೋಗುವುದು.