ದಿನಕ್ಕೆ ಎರಡೂವರೆ ಗಂಟೆ, ಐವತ್ತು ವರ್ಷದ ಫಲ!

ಮೂರು ವರ್ಷದ ಮಗುವಿನ ಮುಂದೆ ಮರದ ತುಂಡುಗಳನ್ನಿಟ್ಟು ‘ಇವತ್ತು ಏನು ಮಾಡ್ತೀಯ?’ ಎಂದು ಕೇಳುವುದಕ್ಕೂ, ಅದೇ ಮಗು ನಲವತ್ತಾದಾಗ ಕೈತುಂಬ ಸಂಬಳ ಎಣಿಸುವುದಕ್ಕೂ ಎಲ್ಲಿಂದೆಲ್ಲಿಯ ನಂಟು? ನಂಟಿದೆ! ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರು ಅದನ್ನು ಲೆಕ್ಕಸಮೇತ ತೋರಿಸಿಕೊಟ್ಟಿದೆ.

ಅದು 1962. ಆ ಊರಿನ ಬಡ ಕಪ್ಪು ಕುಟುಂಬಗಳ ಮಕ್ಕಳು ಶಾಲೆ ಸೇರಿದ್ದೇ ಹಿಂದೆ ಬೀಳುತ್ತಿದ್ದರು. ಮನಶ್ಶಾಸ್ತ್ರಜ್ಞ ಡೇವಿಡ್ ವೈಕಾರ್ಟ್‌ಗೆ ಹೊಳೆದದ್ದು ಇಷ್ಟೇ: ಶಾಲೆಗಿಂತ ಮೊದಲೇ ಶುರುಮಾಡಿದರೆ? 1967ರವರೆಗೆ ನಡೆದ ಈ ಪ್ರಯೋಗಕ್ಕೆ ಸಿಕ್ಕ ಮಕ್ಕಳು 123. ಹೆಚ್ಚುಕಡಿಮೆ ಚೀಟಿ ಎತ್ತಿದಂತೆ ಅವರನ್ನು ಎರಡು ಪಾಲು ಮಾಡಿದರು. 58 ಮಕ್ಕಳು ಪೆರಿ ಶಾಲೆಯ ಶಿಶುವಿಹಾರಕ್ಕೆ, 65 ಮಕ್ಕಳು ಎಂದಿನಂತೆ ಮನೆಯಲ್ಲಿ.

ಶಿಶುವಿಹಾರದಲ್ಲಿ ನಡೆದದ್ದಾದರೂ ಏನು? ದಿನಕ್ಕೆ ಎರಡೂವರೆ ಗಂಟೆ ಆಟ. ಆದರೆ ಎಂಥ ಆಟ! ಏನು ಮಾಡಬೇಕೆಂದು ಮೊದಲು ಮಗುವೇ ಹೇಳಬೇಕು. ಗೋಪುರ ಕಟ್ಟುತ್ತೇನೆ ಅಂದರೆ ಕಟ್ಟಬೇಕು. ಬಿದ್ದರೆ ಮತ್ತೆ ಕಟ್ಟಬೇಕು. ಕೊನೆಗೆ ಎಲ್ಲರೊಂದಿಗೆ ಕೂತು, ಮಾಡಿದ್ದನ್ನು ತನ್ನದೇ ಮಾತಿನಲ್ಲಿ ಹೇಳಬೇಕು. ವಾರಕ್ಕೊಮ್ಮೆ ಟೀಚರೇ ಮಗುವಿನ ಮನೆಗೆ ಹೋಗಿ ತಾಯಿಯ ಜೊತೆ ಒಂದೂವರೆ ಗಂಟೆ ಕಳೆಯುತ್ತಿದ್ದರು.

ಮಕ್ಕಳ ಐಕ್ಯೂ ಸರ್ರನೆ ಏರಿತು. ಎಲ್ಲರೂ ಹಿಗ್ಗಿದರು. ಆದರೆ ಕೆಲವೇ ವರ್ಷಗಳಲ್ಲಿ, ಪ್ರಾಥಮಿಕ ಶಾಲೆ ಮುಗಿಯುವುದರೊಳಗೆ, ಆ ಏರಿಕೆ ಕರಗಿಹೋಯಿತು! ಪ್ರಯೋಗ ನೀರುಪಾಲಾಯಿತೆಂದು ಕಡತ ಕಟ್ಟಿಡಬಹುದಿತ್ತು. ಸಂಶೋಧಕರು ಕಟ್ಟಿಡಲಿಲ್ಲ. ಆ ಮಕ್ಕಳ ಬೆನ್ನು ಬಿಡದೆ ವರ್ಷಗಟ್ಟಲೆ ಹಿಂಬಾಲಿಸಿದರು.

ನಲವತ್ತನೇ ವಯಸ್ಸಿನ ಲೆಕ್ಕ ನೋಡಿ. ವರ್ಷಕ್ಕೆ 20,000 ಡಾಲರ್ ಅಥವಾ ಹೆಚ್ಚು ದುಡಿಯುತ್ತಿದ್ದವರು ಶಿಶುವಿಹಾರದ ಗುಂಪಿನಲ್ಲಿ ಶೇ 60, ಇನ್ನೊಂದರಲ್ಲಿ ಶೇ 40. ಐದು ಅಥವಾ ಹೆಚ್ಚು ಸಲ ಬಂಧನಕ್ಕೊಳಗಾದವರು ಇಲ್ಲಿ ಶೇ 36, ಅಲ್ಲಿ ಶೇ 55! ಗುಂಪು ಚಿಕ್ಕದು, ನಿಜ. ಆದರೂ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ಅಂಕಿಗಳನ್ನು ಜರಡಿ ಹಿಡಿದು ನೋಡಿದರು; ಹಾಕಿದ ಹಣಕ್ಕೆ ವರ್ಷಕ್ಕೆ ಶೇ 7ರಿಂದ 10ರಷ್ಟು ಪ್ರತಿಫಲ ಎಂದರು. ಐಕ್ಯೂ ಕರಗಿದರೂ ಉಳಿದದ್ದೇನು? ಸಿಟ್ಟನ್ನು ತಡೆದುಕೊಳ್ಳುವುದು, ಹಿಡಿದ ಕೆಲಸ ಬಿಡದಿರುವುದು, ನಾಲ್ಕು ಜನರೊಂದಿಗೆ ಹೊಂದಿಕೊಳ್ಳುವುದು. ಬಿದ್ದ ಗೋಪುರವನ್ನು ಮತ್ತೆ ಕಟ್ಟಿದ ಮಗು ಕಲಿತದ್ದು ಅದನ್ನೇ ಅಲ್ಲವೇ!

ಬೆರಗು ಇಲ್ಲಿಗೇ ಮುಗಿಯಲಿಲ್ಲ. ಆ ಮಕ್ಕಳು ಐವತ್ತು ದಾಟಿದ ಮೇಲೆ ಹೆಕ್‌ಮನ್ ತಂಡ ಅವರ ಮಕ್ಕಳ ಬದುಕನ್ನೂ ವಿಚಾರಿಸಿತು. ಅಮಾನತಾಗದೆ ಹೈಸ್ಕೂಲು ಮುಗಿಸಿದವರು, ಕೆಲಸದಲ್ಲಿರುವವರು ಶಿಶುವಿಹಾರಕ್ಕೆ ಹೋದವರ ಮಕ್ಕಳಲ್ಲೇ ಹೆಚ್ಚು! ಈ ಎರಡನೇ ತಲೆಮಾರಿನವರು ಪೆರಿ ಶಿಶುವಿಹಾರದ ಹೊಸಿಲು ತುಳಿದವರೇ ಅಲ್ಲ. ಬಡವರ ಶಿಶುವಿಹಾರಕ್ಕೆ ದುಡ್ಡು ಹಾಕುವಾಗ ಸರ್ಕಾರಗಳು ಬೆಂಚಿನ ಮೇಲೆ ಕೂತ ತಲೆಗಳನ್ನಷ್ಟೇ ಎಣಿಸುತ್ತವೆ. ಇನ್ನೂ ಹುಟ್ಟದ ಮಕ್ಕಳೂ ಆ ಲೆಕ್ಕಕ್ಕೆ ಸೇರಬೇಕು!