ನಾಮಫಲಕದ ಕನ್ನಡ: ಶೈಲಿ ಬದಲಾಗಲಿ, ಓದಲು ಬರಲಿ

ಕಡೂರು: ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದು ಫಲಕದ ಮೇಲ್ಭಾಗದಲ್ಲಿರಬೇಕು ಎನ್ನುತ್ತದೆ 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ (ತಿದ್ದುಪಡಿ) ಕಾಯ್ದೆ. ಕನ್ನಡ ಎಷ್ಟಿರಬೇಕು ಎಂಬ ಪ್ರಶ್ನೆಗೆ ಇದರಿಂದ ಉತ್ತರ ಸಿಕ್ಕಿದೆ. ಅದು ರಸ್ತೆಯಲ್ಲಿ ಸಾಗುವವರಿಗೆ ಓದಲು ಬರುತ್ತದೆಯೇ ಎಂಬುದು ಮಾತ್ರ ಫಲಕ ಮಾಡಿಸುವವರ ಮತ್ತು ಮಾಡುವವರ ವಿವೇಚನೆಗೆ ಬಿಟ್ಟ ವಿಷಯ. ಕಡೂರು, ತರೀಕೆರೆ ಹಾಗೂ ಅಜ್ಜಂಪುರದ ಹೆಸರುಗಳನ್ನೇ ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಉಪಕರಣದಂತೆ ಅಕ್ಷರ

ಅಕ್ಷರದ ಶೈಲಿ ಬದಲಾಗುವುದು ಹೆಚ್ಚಾಗಿ ಉಪಕರಣ ಬದಲಾದಾಗ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಾಣವಾದ ಅಮೃತೇಶ್ವರ ದೇವಾಲಯದ ಶಾಸನದ ಅಕ್ಷರಗಳು ಉಳಿಯಿಂದ ಮೂಡಿದವು. ಅಂಗಡಿ ಫಲಕಗಳು ಬಹುಕಾಲ ಕುಂಚವನ್ನು ನಂಬಿದ್ದವು. ಅಕ್ಷರಕ್ಕೆ ಬಣ್ಣದ ನೆರಳು ಕೊಡುವುದು ಅಂದಿನ ರೂಢಿ. ಹೆಸರು ಉದ್ದವಾದರೆ ಕಲಾವಿದರು ಅಕ್ಷರವನ್ನು ಕಿರಿದಾಗಿಸಿ ಒತ್ತಕ್ಷರಕ್ಕೆ ಜಾಗ ಹೊಂದಿಸುತ್ತಿದ್ದರು.

2000ರ ದಶಕದಲ್ಲಿ ಫ್ಲೆಕ್ಸ್ ಮುದ್ರಣ ಹರಡಿದಂತೆ ದಪ್ಪ ಅಂಚು, ಬಣ್ಣದೊಳಗೆ ಬಣ್ಣ, ಉಬ್ಬಿದಂತೆ ಕಾಣುವ ಅಕ್ಷರಗಳು ಬಂದವು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಫ್ಲೆಕ್ಸ್‌ಗಳಿಗೂ ಅನ್ವಯಿಸಿತು. ಈಗ ಯಂತ್ರದಲ್ಲಿ ಕತ್ತರಿಸಿ, ಒಳಗೆ ಎಲ್‌ಇಡಿ ದೀಪ ಅಳವಡಿಸಿದ ಅಕ್ರಿಲಿಕ್ ಅಕ್ಷರಗಳ ಸರದಿ. ಜೊತೆಗೆ, ಮುಂಬೈನ ಏಕ್ ಟೈಪ್ ರೂಪಿಸಿದ ‘ಬಾಲೂ ತಮ್ಮ’ದಂತಹ ದುಂಡನೆಯ, ದಪ್ಪ ಫಾಂಟ್‌ಗಳು ಉಚಿತವಾಗಿಯೇ ದೊರೆಯುತ್ತವೆ.

ಮೂರು ಊರು, ಮೂರು ಪಾಠ

ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ಅವುಗಳಿಗೆಂದು ಅಳತೆ ಮಾಡಿದ ಕಿರಿದಾದ ಪಟ್ಟಿಯಲ್ಲಿ ಕನ್ನಡ ಸುಲಭವಾಗಿ ಕೂರುವುದಿಲ್ಲ.

‘ಕಡೂರು’ ಎಂಬಲ್ಲಿ ಒತ್ತಕ್ಷರವಿಲ್ಲ. ಕೊಂಬುಗಳು ಬಲಕ್ಕೆ ಚಾಚುವುದರಿಂದ ಅಗಲ ಮಾತ್ರ ಹೆಚ್ಚು ಬೇಕು. ‘ತರೀಕೆರೆ’ಯಲ್ಲಿ ದೀರ್ಘದ ಗುರುತು ಮುಂದಿನ ಅಕ್ಷರಕ್ಕೆ ಅಂಟಿಕೊಂಡರೆ ಊರು ‘ತರಿಕೆರೆ’ಯಾಗುತ್ತದೆ. ‘ಅಜ್ಜಂಪುರ’ಕ್ಕೆ ಸಾಲಿನ ಕೆಳಗೂ ಜಾಗ ಬೇಕು. ಜಾಗವಿಲ್ಲದಿದ್ದರೆ ಒಂದೋ ಇಡೀ ಹೆಸರನ್ನು ಕುಗ್ಗಿಸಬೇಕು, ಇಲ್ಲವೇ ಒತ್ತು ಅಂಚಿನಲ್ಲಿ ಮರೆಯಾಗಿ ‘ಅಜಂಪುರ’ ಉಳಿಯುತ್ತದೆ.

ಅಕ್ಷರ ಅತಿಯಾಗಿ ದಪ್ಪವಾದರೂ ತೊಡಕು. ದ–ಧ, ಬ–ಭ, ಡ–ಢ ಜೋಡಿಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಚಿಕ್ಕ ಸೀಳು. ಅದು ಮುಚ್ಚಿಹೋದರೆ ‘ಧನಲಕ್ಷ್ಮಿ’ಯ ಧನ ದೂರದಿಂದ ದನವಾಗಿ ಕಾಣುತ್ತದೆ. ರಾತ್ರಿ ಹಿಂದಿನಿಂದ ಬೀಳುವ ಪ್ರಖರ ಬೆಳಕು ಈ ಸಣ್ಣ ಸಂದುಗಳನ್ನು ಮತ್ತಷ್ಟು ಮಸುಕಾಗಿಸುತ್ತದೆ.

ಯಾರಿಗೆ ನಷ್ಟ?

ಎರಡು ಭಾಷೆ ಬಲ್ಲವರು ಕನ್ನಡ ಅಸ್ಪಷ್ಟವಾದರೆ ಇಂಗ್ಲಿಷ್ ಓದಿ ಮುಂದೆ ಹೋಗುತ್ತಾರೆ. ಕನ್ನಡವನ್ನಷ್ಟೇ ಓದಬಲ್ಲವರಿಗೆ ಆ ಅನುಕೂಲವಿಲ್ಲ. ಔಷಧಿ ಅಂಗಡಿ, ಆಸ್ಪತ್ರೆ ಅಥವಾ ಸರ್ಕಾರಿ ಕಚೇರಿ ಹುಡುಕಿಕೊಂಡು ಹಳ್ಳಿಯಿಂದ ಬಂದ ಹಿರಿಯರಿಗೆ ಫಲಕದ ಕನ್ನಡವೇ ದಾರಿ. ಕಾಯ್ದೆ ಕನ್ನಡಕ್ಕೆ ಕೊಡಿಸಿದ ಜಾಗ ಸಾರ್ಥಕವಾಗುವುದು ಅವರು ಅದನ್ನು ಓದಿದಾಗಲೇ.

ಈ ಮೂರೂ ಊರುಗಳ ರೈಲು ನಿಲ್ದಾಣಗಳಲ್ಲಿ ಉತ್ತಮ ಮಾದರಿಯೊಂದಿದೆ. ಹಳದಿ ಹಿನ್ನೆಲೆ, ಕಪ್ಪು ಅಕ್ಷರ, ಸುತ್ತಲೂ ಧಾರಾಳ ಜಾಗ. ಪೇಟೆಯಲ್ಲಿ ಎಷ್ಟೋ ಶೈಲಿಗಳು ಬಂದು ಹೋದರೂ ಆ ಫಲಕದ ಮೂಲ ವಿನ್ಯಾಸ ಬದಲಾಗಿಲ್ಲ.

ಹೊಸ ಫಲಕ ಮಾಡಿಸುವವರು ಮೊದಲು ವಿನ್ಯಾಸವನ್ನು ಬಣ್ಣವಿಲ್ಲದೆ, ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರದಲ್ಲಿ ಮುದ್ರಿಸಿಕೊಳ್ಳುವುದು ಒಳಿತು. ಅದನ್ನು ಗೋಡೆಗೆ ಅಂಟಿಸಿ ದೂರದಿಂದ ನೋಡಿದಾಗ ಒತ್ತಕ್ಷರ, ದೀರ್ಘ ಮತ್ತು ಮಹಾಪ್ರಾಣದ ಸೀಳು ಮೂರೂ ಕಾಣಬೇಕು. ಕಾಣದಿದ್ದರೆ ಫಾಂಟ್ ಬದಲಿಸಲು ಅದೇ ಸರಿಯಾದ ಸಮಯ; ಅಕ್ರಿಲಿಕ್ ಕತ್ತರಿಸಿದ ಮೇಲೆ ತಿದ್ದುವುದು ದುಬಾರಿ.