ವಯಸ್ಸು, ಆಸ್ಪತ್ರೆವಾಸ ಮತ್ತು ಆರೋಗ್ಯ ವಿಮೆ

ವಯಸ್ಸಾದಂತೆ ಆಸ್ಪತ್ರೆ ಸೇರಬೇಕಾದ ಸಂದರ್ಭಗಳು ಹೆಚ್ಚುತ್ತವೆ. ಗುಣ ಹೊಂದಲು ದಿನಗಳೂ ಹೆಚ್ಚು ಬೇಕಾಗುತ್ತವೆ. ಮೂವತ್ತರ ರೈತನ ಮುರಿದ ಕಾಲು ಬೇಗ ಕೂಡೀತು. ಅವನ ವೃದ್ಧ ತಾಯಿಯ ಸೊಂಟದ ಮೂಳೆ ಹಾಗಲ್ಲ. ಆದುದರಿಂದಲೇ ವಿಮಾ ಕಂಪನಿಗಳು ವಯಸ್ಸಿಗೆ ತಕ್ಕಂತೆ ಕಂತನ್ನು ಏರಿಸುತ್ತವೆ. ಪಾಲಿಸಿಗೆ ಮುಂಚೆಯೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದವುಗಳ ಚಿಕಿತ್ಸೆಗೆ 3 ವರ್ಷಗಳವರೆಗೆ ಹಣ ದೊರೆಯದಿರಬಹುದು. 2024ಕ್ಕೆ ಮೊದಲು ಈ ಅವಧಿ 4 ವರ್ಷಗಳವರೆಗಿತ್ತು. ಕಾಯಿಲೆಯನ್ನು ಮುಚ್ಚಿಟ್ಟು ಅರ್ಜಿ ತುಂಬಿದವರಿಗೆ, ಹಣ ಬೇಕಾದ ದಿನವೇ ಅದು ನಿರಾಕರಿಸಲ್ಪಡುವ ಅಪಾಯವುಂಟು. ಏಜೆಂಟರು ಬರೆಯುವುದು ಬೇಡವೆಂದರೂ ಒಪ್ಪಬಾರದು.

ಸಾಮಾನ್ಯವಾಗಿ 24 ಗಂಟೆಗಳಾದರೂ ಒಳರೋಗಿಯಾಗಿದ್ದರೆ ಮಾತ್ರ ಖಾಸಗಿ ವಿಮೆಯ ಹಣ ಸಲ್ಲುತ್ತದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಡಯಾಲಿಸಿಸ್ ಮುಂತಾದವುಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಾದರೋ ವಯಸ್ಸಿನ ಮಿತಿಯಿಲ್ಲ, ಮೊದಲಿನ ಕಾಯಿಲೆಗೂ ತಡೆಯಿಲ್ಲ. ಕರ್ನಾಟಕದಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಲಭ್ಯ. ಆದರೆ ತುರ್ತು ಸಂದರ್ಭಗಳ ಹೊರತು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ಶಿಫಾರಸು ಪತ್ರವನ್ನು ಪಡೆದ ಬಳಿಕವೇ ನೋಂದಾಯಿತ ಖಾಸಗಿ ಆಸ್ಪತ್ರೆಗೆ ತೆರಳತಕ್ಕದ್ದು.